ಗಾಡಿಗೊಂದು ಲಿಮಿಟ್, ಗಂಡ ಹೆಂಡತಿಗೆ ಎರಡು

ಮೊನ್ನೆ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವ ಏರಿನಲ್ಲಿ ನಮ್ಮ ಎಲೆಕ್ಟ್ರಿಕ್ ಸ್ಕೂಟರನ್ನು ಒಂದು ಕುರಿ ಹಿಂಡು ಹಿಂದಿಕ್ಕಿತು. ಅದರಲ್ಲೊಂದು ಟಗರು ನಿಂತು ನನ್ನ ಮುಖ ನೋಡಿ ಮುಂದೆ ಹೋಯಿತು. (ಕನಿಕರವೋ ತಿರಸ್ಕಾರವೋ, ತಿಳಿಯಲಿಲ್ಲ.)

ನಗುವ ಹೊತ್ತಲ್ಲ ಅದು. ಗಂಟೆ ಒಂದು ದಾಟಿತ್ತು. ಎರಡಕ್ಕೆ ನನ್ನ ಹೆಂಡತಿ ವಿಜಯಾಳಿಗೆ ಲಿಂಗಸುಗೂರಿನಲ್ಲಿ ಇಲಾಖಾ ಪರೀಕ್ಷೆ. ಪಾಸಾದರೆ ಬಡ್ತಿ. ಹೋದ ಸಲ ಎರಡೇ ಅಂಕದಲ್ಲಿ ತಪ್ಪಿತ್ತು. ಈ ಸಲ ಗೇಟಿನಲ್ಲೇ ತಪ್ಪುವ ಲಕ್ಷಣ ಕಾಣುತ್ತಿತ್ತು.

ಗಾಡಿ ಓಡಿಸುತ್ತಿದ್ದವಳು ಅವಳೇ. ಹಿಂದಿನ ಸೀಟಿನಲ್ಲಿ ನಾನು, ಚಿಂತೆಯ ಸಮೇತ.

ಈ ಚಿಂತೆಗೆ ಆರು ತಿಂಗಳ ಇತಿಹಾಸವಿದೆ. ನಮ್ಮ ಸಿಂಧನೂರಿನಲ್ಲಿ ಹೊಸ ಎಲೆಕ್ಟ್ರಿಕ್ ಗಾಡಿ ಬಂದರೆ ಮೊದಲು ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಆಮೇಲೆ ಮೆಕ್ಯಾನಿಕ್ ಹತ್ತಿರ ಒಯ್ದು ಲಿಮಿಟ್ ಏರಿಸುತ್ತಾರೆ. ಬ್ಯಾಟರಿಗೂ ಮೋಟರಿಗೂ ನಡುವೆ ಇನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದಲ್ಲ (ಕರೆಂಟ್ ಹೋದಾಗ ಮನೆಯಲ್ಲಿ ಫ್ಯಾನ್ ತಿರುಗಿಸುವುದಲ್ಲ, ಇದು ಬೇರೆ), ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಎಂದು ತೀರ್ಮಾನಿಸುವುದು ಅದು. ಲ್ಯಾಪ್‌ಟಾಪ್ ಹಚ್ಚಿ ಆ ಮಿತಿ ಏರಿಸಿದರೆ ಗಾಡಿ ಹಾರುತ್ತದೆ ಎಂಬುದು ಊರಿನ ನಂಬಿಕೆ. ಸೀಟಿನ ಮೇಲೆ ಇಬ್ಬರು, ಕಾಲ ಬಳಿ ಒಂದು ಅಕ್ಕಿ ಚೀಲ, ಇದು ನಮ್ಮ ಕಡೆಯ ಕನಿಷ್ಠ ಲೋಡ್. ಫ್ಯೂಸ್ ಸುಟ್ಟರೆ ಎರಡೆಳೆ ತಂತಿ ಸುತ್ತುವ ಜನ ನಾವು. ಕಂಪನಿ ಹಾಕಿದ ಮಿತಿಗೆ ಬಗ್ಗುತ್ತೇವೆಯೇ?

ನಾನು ಮಾತ್ರ ಬಗ್ಗುವವನು. ಕೊಂಡ ದಿನವೇ ಆ ಪೆಟ್ಟಿಗೆಯ ಲೇಬಲ್ ಓದಿದೆ. ಇಷ್ಟು ಆ್ಯಂಪಿಯರ್ ಎಂದು ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಇಪ್ಪತ್ತೈದು ಡಿಗ್ರಿಯಲ್ಲಿ’ ಎಂದಿತ್ತು; ಅದಕ್ಕಿಂತ ಸೆಕೆಯಾದರೆ ಅಷ್ಟು ತಾಳದು ಎಂದರ್ಥ. ಇಪ್ಪತ್ತೈದು ಡಿಗ್ರಿ! ನಮ್ಮಲ್ಲಿ ಅಷ್ಟಕ್ಕೆ ಇಳಿದರೆ ಜನ ಸ್ವೆಟರ್ ಹುಡುಕುತ್ತಾರೆ. ಇಂಟರ್ನೆಟ್ಟಿನಲ್ಲಿ ಇನ್ನೂ ಓದಿದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಬಿಸಿ ನಾಲ್ಕು ಪಟ್ಟಂತೆ. ಅಂದು ರಾತ್ರಿಯ ನಿದ್ದೆ ಅಲ್ಲಿಗೆ ಮುಗಿಯಿತು.

ಮರುದಿನ ಮೆಕ್ಯಾನಿಕ್ ರಜಾಕ್ ಭಾಯ್ ಮುಂದೆ ನಿಂತೆ. “ಲಿಮಿಟ್ ಸ್ವಲ್ಪ ಇಳಿಸಿ.”

ಅವರು ಸ್ಪ್ಯಾನರ್ ಕೆಳಗಿಟ್ಟರು. “ಇಳಸೂದೇನ್ರಿ? ಇಲ್ಲೀತನ ಯಾರೂ ಹಿಂಗ ಕೇಳಿಲ್ರಿ ಸರ.”

ಆದರೂ ಲ್ಯಾಪ್‌ಟಾಪ್ ಹಚ್ಚಿದರು. ವಾರದಲ್ಲೇ ನನಗೆ ಗಾಡಿ ತಣ್ಣಗೆ ಓಡುತ್ತಿದೆ ಅನಿಸಿತು. ಆಮೇಲೆ ಯಾಕೋ ಮತ್ತೆ ಬಿಸಿ ಅನಿಸಿತು. ಮತ್ತೆ ಹೋದೆ. ಹೀಗೆ ವಿಜಯಾಳಿಗೆ ಗೊತ್ತಾಗದಂತೆ ನಾಲ್ಕು ಸಲ.

ಏರಿನಲ್ಲಿ ಅವಳು ಗಾಡಿ ನಿಲ್ಲಿಸಿದಳು.

“ಖರೇ ಹೇಳ್ರಿ. ನೀವೇನರ ಲಿಮಿಟ್ ಇಳಸೀರೇನು?”

“ಸ್ವಲ್ಪ. ನೀನೇನಾದರೂ ಏರಿಸಿದೆಯಾ?”

ಅವಳು ಕುರಿಗಳ ಕಡೆ ನೋಡಿದಳು. “ಮೂರ ಸಲ.”

“ಯಾರ ಹತ್ತಿರ?”

“ಇನ್ಯಾರ ಹಂತ್ಯಾಕ ಹೋಗ್ಲಿ? ರಜಾಕ್ ಭಾಯ್.”

ಅವರಿಗೇ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. “ಈಗ ಲಿಮಿಟ್ ಎಷ್ಟಿದೆ, ಹೇಳಿ.”

“ಕಂಪನಿಯವರು ಇಟ್ಟಷ್ಟ ಐತ್ರಿ.”

“ನೀವು ಇಳಿಸಿದ್ದು?”

“ಇಳಿಸಿಲ್ರಿ.”

“ನಾ ಏರಿಸಿದ್ದು?” ವಿಜಯಾ ಬಗ್ಗಿ ಕೇಳಿದಳು.

“ಏರಿಸಿಲ್ರಿ ಮೇಡಂ. ಲ್ಯಾಪ್‌ಟಾಪ್ ಹಚ್ಚಿ ಸುಮ್ನ ಎರಡ ಬಟನ್ ಒತ್ತಿ ಕಳಸೀನಿ. ಏರಿಸಿದ್ರ ಪೆಟ್ಟಿಗಿ ಸುಡ್ತೈತಿ. ಒಲ್ಲೆ ಅಂದ್ರ ನೀವು ಇನ್ನೊಬ್ಬನ ಕಡೆ ಹೊಕ್ಕಿದ್ರಿ, ಅಂವ ಖರೇನ ಏರಸ್ತಿದ್ದ.”

ಆರು ತಿಂಗಳು ಅವಳಿಗೆ ಪಿಕಪ್ ಹೆಚ್ಚಿತ್ತು, ನನಗೆ ಗಾಡಿ ತಣ್ಣಗಿತ್ತು. ಒಂದೇ ಗಾಡಿ.

“ಹಂಗಾರ ಈಗ ಯಾಕ ತೆವಳಾಕತ್ತೈತಿ? ಎರಡಕ್ಕ ನನ್ನ ಪರೀಕ್ಷಾ ಐತಿ.” ವಿಜಯಾಳ ಕಣ್ಣು ವಾಚಿನ ಮೇಲಿತ್ತು.

“ಬಿಸಿಲು, ಏರು, ಲೋಡು. ಪೆಟ್ಟಿಗಿ ಕಾದೈತಿ. ಸುಡಬಾರದಂತ ತಾನ ಕರೆಂಟ್ ಕಮ್ಮಿ ಮಾಡ್ಕೊಂಡೈತ್ರಿ. ಗಾಡಿ ಮ್ಯಾಲ ಎಷ್ಟ ಮಂದಿ ಅದೀರಿ?”

“ಇಬ್ಬರು.”

“ಪರೀಕ್ಷಾ ಮೇಡಂದಲ್ಲ? ಸರ ಯಾಕ ಹೊಂಟಾರ್ರಿ?”

ಯಾಕೆ ಹೊರಟಿದ್ದೆ? ದಾರಿಯಲ್ಲಿ ಇನ್ವರ್ಟರ್ ಬಿಸಿಯಾದರೆ ಹೇಗೆ ಎಂಬ ಚಿಂತೆಗೆ. ತೊಂಬತ್ತೆರಡು ಕಿಲೋ ನಾನು. ಬೆಂಕಿ ಹತ್ತಿದರೆ ಇರಲಿ ಎಂದು ಚೀಲದಲ್ಲಿ ಐದು ಕಿಲೋ ಮರಳು. ವಿಜಯಾ ಚೀಲದೊಳಗೆ ಇಣುಕಿದಳು. ನನ್ನನ್ನು ನೋಡಿದಳು.

“ಇಳೀರಿ,” ಅಂದಳು, ಅಷ್ಟೇ.

ಬೇವಿನ ನೆರಳಿನಲ್ಲಿ ಗಾಡಿ ಐದು ನಿಮಿಷ ಆರಿತು. ಆಮೇಲೆ ಅವಳೊಬ್ಬಳನ್ನೇ ಹೊತ್ತು, ಕುರಿಗಳನ್ನೂ ಹಿಂದೆ ಹಾಕಿ, ಸರ್ರನೆ ಏರು ಹತ್ತಿತು. ನಾನು ಬಸ್ಸಿಗೆ ಕೈ ಮಾಡುತ್ತ ನಿಂತಿದ್ದಾಗ ಮೆಸೇಜ್ ಬಂತು: “ಮುಟ್ಟೀನಿ. ಇನ್ನೂ ಹತ್ತು ನಿಮಿಷ ಐತಿ.”

ನಿಮ್ಮ ಮನೆಯ ಗಾಡಿಯೂ ಏರು ಹತ್ತುತ್ತಿಲ್ಲವೇ? ಲಿಮಿಟ್ ಏರಿಸಲು ಓಡುವ ಮೊದಲು, ಹಿಂದಿನ ಸೀಟಿನಲ್ಲಿ ಕೂತು ಅದರ ಚಿಂತೆ ಮಾಡುತ್ತಿರುವವರು ಯಾರು ಎಂದು ಒಮ್ಮೆ ತಿರುಗಿ ನೋಡಿ.