ಆಟ ಮುಗಿಯುವವರೆಗೆ ಮುಚ್ಚಿಟ್ಟ ಸುದ್ದಿ

ಸಾಗರದ ಒಂದು ಹೈಸ್ಕೂಲಿನಲ್ಲಿ ನಾನು ಆಟದ ಟೀಚರ್. ಹಿಂದೆ ರಾಜ್ಯ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದವಳು. ಮೊಣಕಾಲಿಗೆ ಪೆಟ್ಟಾದ ಮೇಲೆ ಚೆಂಡು ಬಿಟ್ಟು ಸೀಟಿ ಹಿಡಿದೆ. ಕೆಲವು ವರ್ಷಗಳ ಹಿಂದೆ, ದೀಪಾವಳಿ ಮುಗಿದು ಶಾಲೆ ಮತ್ತೆ ಶುರುವಾಗಿದ್ದ ದಿನಗಳಲ್ಲಿ, ಬೆಂಗಳೂರಿನಲ್ಲಿರುವ ನನ್ನ ಹಳೆಯ ಜೊತೆಗಾತಿ ಫೋನ್ ಮಾಡಿದಳು. ಅಲ್ಲಿ ಆರಂಭವಾಗಿದ್ದ ಒಂದು ಖಾಸಗಿ ಲೀಗ್ ನಡುವಿನಲ್ಲೇ ನಿಂತುಹೋಗಿತ್ತು. ಅದರಲ್ಲಿ ಆಡಲು ಬಂದಿದ್ದ ಅಮೆರಿಕದ ಆಟಗಾರ್ತಿಯೊಬ್ಬಳು ಊರಿಗೆ ಹೋಗಲು ಮನಸ್ಸಾಗದೆ ಅಲ್ಲೇ ಉಳಿದಿದ್ದಳು. “ನಿನ್ನ ಹುಡುಗಿಯರಿಗೆ ಸ್ವಲ್ಪ ದಿನ ಕಲಿಸ್ತಾಳೆ. ಇಟ್ಕೊಳ್ತೀಯಾ?” ಎಂದು ಗೆಳತಿ ಕೇಳಿದಳು. ಯೋಚಿಸದೆ ಹೂಂ ಅಂದೆ.

ಬಸ್ಸಿನಿಂದ ಇಳಿಯುವಾಗ ಆಕೆ ಬಾಗಿಲಿಗೆ ತಾಗಬಾರದೆಂದು ತಲೆ ಬಗ್ಗಿಸಿಕೊಂಡೇ ಇಳಿದಳು. ಕಪ್ಪು ಮೈಬಣ್ಣ, ಬಿಗಿಯಾಗಿ ಹೆಣೆದ ಕೂದಲು, ಭುಜಕ್ಕೆ ಒಂದೇ ಒಂದು ಚೀಲ. ಸಂತೆಗೆ ಬಂದಿದ್ದ ಹೆಂಗಸೊಬ್ಬರು ನನ್ನ ಹತ್ತಿರ ಬಂದು, “ಯಲ್ಲಾಪುರದ ಕಡೆಯವರಾ?” ಎಂದು ಮೆಲ್ಲಗೆ ಕೇಳಿದರು. ಅವರು ಏನು ಕೇಳಿದರೆಂದು ಆಕೆ ನನ್ನನ್ನು ಕೇಳಿದಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಆ ಕಾಡಿನ ಊರುಗಳಲ್ಲಿದ್ದಾರೆ, ಈಗ ಅವರು ಇಲ್ಲಿಯವರೇ, ನಮ್ಮ ಹಾಗೆ ಕನ್ನಡ ಮಾತಾಡುತ್ತಾರೆ ಎಂದು ಹೇಳಿದೆ. ಆಕೆ ಚೀಲ ಹೊತ್ತು ನನ್ನ ಜೊತೆ ಮನೆಯವರೆಗೆ ನಡೆದಳು. ಗೇಟಿನ ಹತ್ತಿರ ನಿಂತು, “ಅಷ್ಟು ದೇಶ ತಿರುಗಿದ್ದೇನೆ. ನನ್ನನ್ನು ಪಕ್ಕದ ಊರಿನವಳು ಅಂದುಕೊಂಡವರು ಇವರೇ ಮೊದಲು” ಅಂದಳು.

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಆಕೆ ಉಳಿದಳು. ಹುಡುಗಿಯರು ಎರಡೇ ದಿನಕ್ಕೆ ಕೋಚಕ್ಕ ಎಂದು ಕರೆಯತೊಡಗಿದರು. ಬೆಳಿಗ್ಗೆ ಮಂಜು ಕರಗುವ ಮೊದಲೇ ಕೋರ್ಟಿನಲ್ಲಿ ಆಕೆಯ “ಓಡು, ಓಡು, ನಿಲ್ಲು!” ಕೇಳಿಸುತ್ತಿತ್ತು. ಆಕೆ ಕಲಿತ ಕನ್ನಡವೆಲ್ಲ ಇಂಥದ್ದೇ. ಪೋಲಿಷ್, ಟರ್ಕಿಷ್ ಕೂಡ ತನಗೆ ಇಷ್ಟೇ ಬರುವುದೆಂದು ಹೇಳಿದ್ದಳು.

ಆಕೆಯ ದೇಶದಲ್ಲಿ ಹೆಂಗಸರ ದೊಡ್ಡ ತಂಡಗಳು ಬೆರಳೆಣಿಕೆಯಷ್ಟು. ಕಾಲೇಜು ಮುಗಿಸಿದ ಒಳ್ಳೆಯ ಆಟಗಾರ್ತಿಯರಿಗೂ ಅಲ್ಲಿ ಜಾಗ ಸಿಗುವುದಿಲ್ಲ. ಹಾಗಾಗಿ ಆಕೆ ಪೋಲೆಂಡಿಗೆ ಹೋದಳು. ಆಮೇಲೆ ರೊಮೇನಿಯಾ, ಟರ್ಕಿ, ಮತ್ತೆ ಪೋಲೆಂಡ್, ಚೀನಾ. ಪ್ರತಿ ಊರಿನಲ್ಲೂ ಕ್ಲಬ್ಬಿನವರು ಕೊಟ್ಟ ಒಂದು ಮನೆ, ಅದರಲ್ಲಿ ಹಿಂದಿನ ವರ್ಷ ಆಡಿಹೋದ ಇನ್ಯಾವಳೋ ಬಿಟ್ಟುಹೋದ ಪಾತ್ರೆಗಳು. ಪ್ರತಿ ತಂಡದಲ್ಲೂ ಹೊರದೇಶದವರು ಒಬ್ಬಿಬ್ಬರು. ಗೆದ್ದರೆ ಊರೇ ಹೊತ್ತು ಮೆರೆಸುತ್ತಿತ್ತು. ಒಂದೆರಡು ಆಟ ಸೋತರೆ ಮೊದಲು ಟಿಕೆಟ್ ಕೈಗೆ ಬರುತ್ತಿದ್ದುದು ಹೊರಗಿನವಳಿಗೆ. ಟರ್ಕಿಯಲ್ಲಿ ಒಮ್ಮೆ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಬೀಳ್ಕೊಟ್ಟರಂತೆ. “ಆಗ ಖುಷಿಯಾಗಿತ್ತು, ಹಬ್ಬಕ್ಕೆ ಮನೆಗೆ ಹೋಗಬಹುದಲ್ಲ ಅಂತ” ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ನಮ್ಮ ತಂಡದಲ್ಲಿ ಹೊಸನಗರದ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಚೆಂಡು ಅವಳ ಕೈಗೆ ಬಂದರೆ ಕೋಚಕ್ಕ ಕೂಗುವುದನ್ನು ನಿಲ್ಲಿಸಿ ನೋಡುತ್ತ ನಿಲ್ಲುವಳು. ದೂರದ ನಗರದ ಕ್ರೀಡಾ ಹಾಸ್ಟೆಲಿಗೆ ಹುಡುಗಿ ಆಯ್ಕೆಯಾದಳು. ಅವಳ ಅಪ್ಪ ಮಾತ್ರ ಕಳಿಸುವುದಿಲ್ಲ ಎಂದುಬಿಟ್ಟರು. “ನೀವು ಬಂದು ಒಂದು ಮಾತು ಹೇಳಿದರೆ ಒಪ್ಪುತ್ತಾರೆ” ಎಂದು ನಾನೇ ಕೋಚಕ್ಕನನ್ನು ಬಸ್ಸು ಹತ್ತಿಸಿಕೊಂಡು ಹೊಸನಗರಕ್ಕೆ ಹೋದೆ.

ಹುಡುಗಿಯ ಅಪ್ಪನದು ತಾಲ್ಲೂಕು ಕಚೇರಿ ಹತ್ತಿರ ಸಣ್ಣ ಟೈಲರ್ ಅಂಗಡಿ. ಅಜ್ಜನ ಕಾಲದಲ್ಲಿ ಗೇಣಿಗೆ ಮಾಡಿದ್ದ ಗದ್ದೆ ಈಗ ಸ್ವಂತದ್ದು, ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು ಇವರ ತಾಯಿ. ಹುಡುಗಿಯ ಅಪ್ಪ ಮಿಷನ್ ನಿಲ್ಲಿಸಿ ನಮಗೆ ಸ್ಟೂಲು ಹಾಕಿದರು, ಎದುರಿನ ಹೋಟೆಲಿನಿಂದ ಚಾ ತರಿಸಿದರು.

ನಾನು ಕ್ರೀಡಾ ಕೋಟಾ, ಕಾಲೇಜು ಸೀಟು ಎಂದೆಲ್ಲ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, “ಅದೆಲ್ಲ ಸರಿ ಮೇಡಂ. ಇವ್ರಿಗೆ ಒಂದು ಮಾತು ಕೇಳ್ಬೇಕಿತ್ತು” ಅಂದರು.

“ಕೇಳಿ.”

“ಇಷ್ಟು ವರ್ಷ ಮನೆ ಬಿಟ್ಟು ಆಡಿದ್ರಲ್ಲ. ಎಂತ ಕಳ್ಕೊಂಡ್ರು ಅಂತ ಕೇಳಿ. ಸಿಕ್ಕಿದ್ದು ಬೇಡ, ಅದು ನೀವೇ ಹೇಳಿದ್ರಿ.”

ಇಂಗ್ಲಿಷಿನಲ್ಲಿ ಹೇಳಿದೆ. ಕೋಚಕ್ಕ ಚಾದ ಲೋಟವನ್ನು ಬಟ್ಟೆ ಕತ್ತರಿಸುವ ಮೇಜಿನ ಅಂಚಿಗಿಟ್ಟಳು. ನಾನು ಯಾಕಾದರೂ ಕರೆತಂದೆನೋ ಅಂದುಕೊಳ್ಳುತ್ತಿರುವಾಗ ಶುರು ಮಾಡಿದಳು. ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

ಎರಡನೆಯ ಸಲ ಪೋಲೆಂಡಿನಲ್ಲಿದ್ದಾಗಿನ ಮಾತು. ಅದು ಮುಖ್ಯ ಆಟದ ದಿನ. ಮಧ್ಯಾಹ್ನ ಆಕೆಯ ತಮ್ಮ ಫೋನ್ ಮಾಡಿದ್ದ. ಆಟದ ದಿನ ಆಟಗಾರರ ಫೋನೆಲ್ಲ ಮ್ಯಾನೇಜರ್ ಬಳಿ ಇರುವ ಪದ್ಧತಿ. ತಾಯಿ ತೀರಿಕೊಂಡ ಸುದ್ದಿ ಮ್ಯಾನೇಜರ್‌ಗೆ ಗೊತ್ತಾಯಿತು, ಅವನು ಆಕೆಗೆ ಹೇಳಲಿಲ್ಲ. ಆ ದಿನ ಆಕೆ ಹಿಂದೆಂದೂ ಆಡದ ಹಾಗೆ ಆಡಿದಳು. ಗೆದ್ದರು. ಕುಣಿದರು. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಕೋಣೆಗೆ ಕರೆದು ಹೇಳಿದರು.

“ಆ ಆಟದ ಫೋಟೋ ಇದೆ, ನಾನು ಬಾಯಿ ತುಂಬ ನಗುತ್ತಿದ್ದೇನೆ. ಅಮ್ಮ ಹೋಗಿ ಆಗಲೇ ಅರ್ಧ ದಿನವಾಗಿತ್ತು. ಆ ನಗುವಿಗಾಗಿ ನನ್ನನ್ನು ನಾನೇ ಕ್ಷಮಿಸಲು ಆಗಿಲ್ಲ. ಕ್ಷಮಿಸಬೇಕಾದ್ದು ಏನೂ ಇಲ್ಲ ಅಂತ ಗೊತ್ತಿದ್ದರೂ.”

ಇದನ್ನೂ ಕನ್ನಡದಲ್ಲಿ ಹೇಳಿದೆ. ಹುಡುಗಿಯ ಅಪ್ಪ ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ತೆಗೆದು ಸುತ್ತಿ ಇಟ್ಟರು. ಇನ್ನು ಮಗಳನ್ನು ಕಳಿಸುವ ಮಾತು ಮುಗಿದಂತೆಯೇ ಎಂದುಕೊಂಡೆ.

“ಕಳಿಸ್ತೀನಿ” ಅಂದರು ಅವರು. “ಆದ್ರೆ ಮೇಡಂ, ಮನೇಲಿ ಎಂತಾದ್ರೂ ಆದ್ರೆ ಅವ್ಳಿಗೆ ಆಗ್ಲೇ ಹೇಳ್ಬೇಕು. ಆಟ ಅರ್ಧಕ್ಕೆ ನಿಂತ್ರೂ ಸೈ. ಈ ಮಾತು ನೀವು ಕೊಡ್ಬೇಕು.”

ಕೊಟ್ಟೆ. ಕೋಚಕ್ಕ ಜನವರಿಯಲ್ಲಿ ಅಮೆರಿಕಕ್ಕೆ ಹೋದಳು. ಹುಡುಗಿ ಕ್ರೀಡಾ ಹಾಸ್ಟೆಲಿಗೆ ಸೇರಿದಳು.

ಎರಡು ವರ್ಷದ ಮೇಲೆ ತೀರ್ಥಹಳ್ಳಿಯಲ್ಲಿ ಒಂದು ಪಂದ್ಯಾವಳಿ ನಡೆಯಿತು. ಹುಡುಗಿಯ ತಂಡವೂ ಬಂದಿತ್ತು, ನಾನು ನೋಡಲು ಹೋಗಿದ್ದೆ. ಆಟದ ಕೊನೆಯ ಭಾಗ ನಡೆಯುತ್ತಿರುವಾಗ ಅವಳ ಅಪ್ಪನ ಫೋನ್ ಬಂತು. ಅಜ್ಜಿ ಹೋಗಿಬಿಟ್ಟಿದ್ದರು. ನಾನು ಕೊಟ್ಟಿದ್ದ ಮಾತು ನೆನಪಿಸಲು ಅವರು ಹೋಗಲಿಲ್ಲ. “ಅವ್ಳು ಅಲ್ಲೇ ಇದಾಳಾ?” ಎಂದಷ್ಟೇ ಕೇಳಿದರು.

ತಂಡದ ಕೋಚ್ ಬಳಿ ಹೋಗಿ ಹೇಳಿದೆ. ಆತ ಕೆಟ್ಟವನಲ್ಲ, ಮುಖ ಸಪ್ಪಗಾಯಿತು. “ಇನ್ನೇನು ಮುಗೀತದೆ ಮೇಡಂ. ಆಮೇಲೆ ಹೇಳಾಣ, ಈಗ ಪಾಪ ಯಾಕೆ?” ಅಂದ. ನನಗೂ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ಅವಳು ಅಷ್ಟು ಚೆನ್ನಾಗಿ ಆಡುತ್ತಿದ್ದಳು. ಆದರೂ ಕೋಚ್ ಕೈಯಲ್ಲಿ ಟೈಮ್‌ಔಟ್ ಕೇಳಿಸಿ, ಅವಳನ್ನು ಗೆರೆಯ ಹೊರಗೆ ಕರೆದು ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಕಾರು ಇದ್ಯಾ ಮಿಸ್?”

“ಇದೆ. ಈಗಲೇ ಹೊರಡಬಹುದು.”

ಸ್ವಲ್ಪ ಹೊತ್ತು ಬಗ್ಗಿ ಮೊಣಕಾಲು ಹಿಡಿದು ನಿಂತಳು. ಮತ್ತೆ ನೆಟ್ಟಗಾಗಿ, “ಸ್ವಲ್ಪ ಹೊತ್ತು ಉಳ್ದಿದೆ. ಆಡಿ ಬರ್ತೀನಿ. ನಾನು ಆಡೋದು ನೋಡಕ್ಕೆ ಅಜ್ಜಿ ಒಂದ್ಸಲನೂ ಬರ್ಲಿಲ್ಲ. ಇವತ್ತು ನೋಡ್ಲಿ” ಅಂದಳು. ಒಳಗೆ ಹೋದಳು. ಅಳುತ್ತಲೇ ಆಡಿದಳು, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಓಡಿದಳು. ಗೆದ್ದರೋ ಸೋತರೋ ನಾನು ನೋಡಲಿಲ್ಲ, ನಾನು ಬಂದಿದ್ದ ಬಾಡಿಗೆ ಕಾರಿನವನನ್ನು ಹುಡುಕಲು ಹೋಗಿದ್ದೆ. ಹೊಸನಗರ ಮುಟ್ಟುವವರೆಗೆ ಅವಳು ನನ್ನ ಕೈ ಬಿಡಲಿಲ್ಲ.

ಅಂಗಳದಲ್ಲಿ ಅವಳ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಗೊತ್ತಿದ್ದೂ ಆಡಿದ್ಲಾ?” ಎಂದರು. ಹೌದೆಂದೆ. “ಹಂಗಾದ್ರೆ ಸರಿ” ಅಂದರು. ಒಳಗೆ ಹೋಗಿ ಮಗಳ ಪಕ್ಕ ಕೂತರು.

ಆ ವಾರ ಕೋಚಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು ಅಂದಳು, “ನನಗೆ ಹೇಳಿದ್ದರೂ ಬಹುಶಃ ನಾನು ಆಡುತ್ತಿದ್ದೆ. ಆದರೆ ಹಾಗೆ ನಗುತ್ತಿರಲಿಲ್ಲ.”

ಹುಡುಗಿಗೆ ಈಗ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿದೆ, ತನ್ನ ಇಲಾಖೆಯ ತಂಡಕ್ಕೆ ಆಡುತ್ತಾಳೆ. ಕೋಚಕ್ಕ ತನ್ನೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಪಾಸ್‌ಪೋರ್ಟಿನ ಅವಧಿ ಮುಗಿದಿದೆಯಂತೆ, ಹೊಸದು ಮಾಡಿಸಿಲ್ಲ. ಮೊನ್ನೆ ಭಾನುವಾರ ಫೋನ್ ಮಾಡಿದಾಗ ಏದುಸಿರು ಬಿಡುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅಮ್ಮನ ಸಮಾಧಿಯ ಸುತ್ತ ಹುಲ್ಲು ಬೆಳೆದಿತ್ತು, ಕೊಯ್ಯುತ್ತಿದ್ದೇನೆ, ಇನ್ನೊಂದು ಬದಿ ಬಾಕಿ ಇದೆ ಎಂದಳು.