ಬಳೆ ತೆಗೆಯುವ ಕೆಲಸ

ನನ್ನ ಅವ್ವ ಕುಷ್ಟಗಿಯಲ್ಲಿ ಬಳೆ ಮಾರುತ್ತಿದ್ದಳು. ಬಳೆಯ ಮಲಾರ ಹೆಗಲಿಗೇರಿಸಿ ಓಣಿ ಓಣಿ ತಿರುಗುವಳು. ಹೆಂಗಸರ ಕೈಯನ್ನು ಒಮ್ಮೆ ಒತ್ತಿ ನೋಡಿದರೆ ಸಾಕು, ಯಾವ ಅಳತೆಯ ಬಳೆ ಬೇಕೆಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಕಸುಬನ್ನು ನನಗೂ ಕಲಿಸಬೇಕೆಂದು ಅವಳ ಆಸೆ. ನಾನು ಮೊದಲೇ ಹಠಮಾರಿ. ಓಣಿ ತಿರುಗುವುದು ನನ್ನ ಕೈಲಾಗದೆಂದು ಹೇಳಿ ಕೊಪ್ಪಳದಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದೆ. ಡಾಕ್ಟರು ಕೊಯ್ಯುವಾಗ ಪಕ್ಕದಲ್ಲಿ ನಿಂತು ಕತ್ತರಿ, ಚಿಮಟ ಎತ್ತಿಕೊಡುವ ಕೆಲಸ. ಓಣಿಯವರ ಬಾಯಲ್ಲಿ ಮಾತ್ರ ನಾನು ಆಗಲೇ ಅರ್ಧ ಡಾಕ್ಟರಾಗಿಬಿಟ್ಟಿದ್ದೆ.

ಕತ್ತರಿ ಮುಟ್ಟುವ ಯೋಗ ಬೇಗ ಬರಲಿಲ್ಲ. ಮೊದಲ ತಿಂಗಳುಗಳು ಕೈ ತೊಳೆಯುವುದರಲ್ಲೇ ಹೋದವು. ಬೆರಳ ತುದಿಯಿಂದ ಮೊಣಕೈವರೆಗೆ ತಿಕ್ಕಿ, ಕೈ ಮೇಲೆತ್ತಿ ನಿಲ್ಲಬೇಕು. ಆಮೇಲೆ ಮೂಗು ತುರಿಸಿದರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಮೊದಲಿನಿಂದ. ಅದು ಬಿಟ್ಟರೆ ಹೊಸಬರ ಪಾಲಿಗೆ ರೋಗಿಗಳನ್ನು ಸಿದ್ಧಮಾಡುವ ಕೆಲಸ. ಉಗುರುಬಣ್ಣ ಒರೆಸುವುದು, ಮೂಗುತಿ ಬಿಚ್ಚುವುದು, ಬಳೆ ತೆಗೆಯುವುದು. ಬಿಗಿಯಾದ ಗಾಜಿನ ಬಳೆಗಳನ್ನು ನನ್ನ ಜೊತೆಯವರು ಬಟ್ಟೆ ಸುತ್ತಿ ಒಡೆದುಬಿಡುತ್ತಿದ್ದರು. ಗಂಡ ಹೊರಗೆ ಬೆಂಚಿನ ಮೇಲೆ ಜೀವಂತ ಕೂತಿರುವಾಗ ಬಳೆ ಒಡೆಸಿಕೊಳ್ಳಲು ನಮ್ಮ ಕಡೆಯ ಯಾವ ಹೆಂಗಸಿಗೆ ಮನಸ್ಸು ಬಂದೀತು? ಯಲಬುರ್ಗಾ ಕಡೆಯ ಒಬ್ಬಾಕೆ ಮೊದಲ ಬಳೆಯ ಸಪ್ಪಳಕ್ಕೇ ಮಂಚದಿಂದಿಳಿದು ಹೊರಟುಬಿಟ್ಟಳು.

ನಾನು ಓಡಿಹೋಗಿ ಅವಳನ್ನು ಕೂರಿಸಿದೆ. ಕೈಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಒತ್ತಿ ಉಳಿದ ಬಳೆಗಳನ್ನು ಒಂದೊಂದಾಗಿ ಜಾರಿಸಿದೆ. ಅವ್ವ ಮಾಡುವುದನ್ನು ನೋಡಿ ನೋಡಿ ಬಂದ ವಿದ್ಯೆ ಅದು. ಅಂದಿನಿಂದ ಬಳೆಯ ಕೆಲಸವೆಲ್ಲ ನನಗೇ ಅಂಟಿಕೊಂಡಿತು.

ಮನೆಗೆ ಬಂದು ಹೇಳಿದಾಗ ಅವ್ವ ಓಣಿಗೆಲ್ಲ ಕೇಳುವಂತೆ ನಕ್ಕಳು. “ಬಳಿಗಾರತಿ ಮಗಳು ಬಳಿ ತೆಗಿಯಾಕ ಕೊಪ್ಪಳಕ್ಕ ಹೋಗಿ ಸಾಲಿ ಕಲಿತಾಳ, ನೋಡ್ರಿ!”

ಮರುವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಲೇಬೇಕೆಂದರು ನಮ್ಮ ಆಸ್ಪತ್ರೆಯ ಡಾಕ್ಟರು. ಅವ್ವ ಒಪ್ಪಲಿಲ್ಲ.

“ನಿಮ್ಮಪ್ಪ ಗಟ್ಟಿಮುಟ್ಟ ಅದಾನ. ಅಂವ ಇರೂದ್ರಾಗ ನಾ ಬರೀ ಕೈಲೆ ಮಲಗಾಕ ಒಲ್ಲೆ.”

ಅಪ್ಪ ಕೈಮುಗಿದು ಬೇಡಿಕೊಂಡ. ನಾನು ರೇಗಾಡಿದೆ. “ಬಳಿ ದೊಡ್ಡದೋ, ಜೀವ ದೊಡ್ಡದೋ?” ಅಂದರೆ, ಅಷ್ಟೂ ತಿಳಿಯದ ಇವಳೆಂಥ ಮಗಳು ಎಂಬಂತೆ ನನ್ನನ್ನೇ ನೋಡಿದಳು. ನಮ್ಮ ವಾದ ನಡೆದಷ್ಟು ದಿನವೂ ಗಡ್ಡೆ ಬೆಳೆಯುತ್ತಲೇ ಇತ್ತು. ಕೊನೆಗೆ ನಾನೇ ಸೋತು ಮಾತು ಕೊಟ್ಟೆ. ಒಂದೂ ಒಡೆಯದಂತೆ ನಾನೇ ತೆಗೆಯುತ್ತೇನೆ, ನೀನು ಹೊರಗೆ ಬಂದ ಕೂಡಲೇ ನಾನೇ ಇಡಿಸುತ್ತೇನೆ ಎಂದೆ. ಆಗ ಕೈ ಚಾಚಿದಳು.

“ನಿನ್ನ ಕೈ ಮೆತ್ತಗ ಅದಾವ ಬಿಡು,” ಅಂದಳು ಬಳೆಗಳು ಜಾರುತ್ತಿದ್ದಂತೆ. ನನ್ನನ್ನು ಅವಳು ಹಾಗೆ ಹೊಗಳಿದ್ದು ಅದೇ ಮೊದಲು.

ಮನೆಯವರೆಂದು ನನ್ನನ್ನು ಥಿಯೇಟರಿನ ಒಳಗೆ ಬಿಡಲಿಲ್ಲ. ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಬಂದ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಗಡ್ಡೆ ಎಲ್ಲ ಕಡೆ ಹರಡಿತ್ತು. ತೆಗೆಯಲಾಗದೆ ಹಾಗೆಯೇ ಹೊಲಿದಿದ್ದರು.

ಎಚ್ಚರವಾದಾಗ ಅವ್ವ ನೀರಿಗಿಂತ ಮೊದಲು ಬಳೆ ಕೇಳಿದಳು. ಒಂದು ಕೈಗೆ ಸಲೈನ್ ಸೂಜಿ ಚುಚ್ಚಿದ್ದರು, ಇನ್ನೊಂದು ಬಾತಿತ್ತು. ಅವಳದೇ ಬಳೆ ಅವಳ ಗೆಣ್ಣು ದಾಟಲಿಲ್ಲ.

“ಬಾವು ಇಳೀಲಿ ಬೇ, ನಾಳೆ ಇಡಸ್ತೀನಿ,” ಅಂದೆ.

ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಬಾವು ಇಳಿಯಲಿಲ್ಲ. ಮರುದಿನ ಸಂಜೆ ಅವ್ವ ಹೋಗಿಬಿಟ್ಟಳು. ಬೈಯಲು ಯಾರಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು. ಯಾರದೂ ತಪ್ಪಿರಲಿಲ್ಲ, ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಕಟ.

ಗಂಡನಿಗಿಂತ ಮೊದಲು ಹೋದವಳನ್ನು ಮುತ್ತೈದೆಯಾಗಿ ಕಳಿಸಬೇಕು, ಕೈತುಂಬ ಹಸಿರು ಬಳೆ ಇಡಿಸಿ. ಓಣಿಯಲ್ಲಿ ಯಾರಿಗೇ ಆದರೂ ಆ ಕೊನೆಯ ಬಳೆ ಇಡಿಸಲು ಅವ್ವನನ್ನೇ ಕರೆಯುತ್ತಿದ್ದರು. ಅವತ್ತು ಕರೆಯಲು ಯಾರೂ ಇರಲಿಲ್ಲ. ಹೆಂಗಸರು ಅವಳ ಮಲಾರವನ್ನೇ ತಂದು ನನ್ನ ಮುಂದಿಟ್ಟರು. ನಾನು ಅವಳ ಕೈ ಒತ್ತಿ ನೋಡಿ, ದೊಡ್ಡ ಅಳತೆಯ ಬಳೆ ಆರಿಸಿಕೊಂಡೆ. ಯಾರ ಕೈ ಹಿಡಿದರೂ ಬಳೆಗಾರ್ತಿಯರು ಮೊದಲು ಹೇಳುವ ಮಾತು ಒಂದಿದೆ. ಅದೇ ನನ್ನ ಬಾಯಿಗೆ ಬಂತು.

“ಎವ್ವಾ, ಕೈ ಸಡ್ಲ ಬಿಡು.”

ಸೆಟೆದ ಕೈ ಹಾಗೆಯೇ ಇತ್ತು. ಮೊದಲ ಬಳೆ ಒಡೆಯಿತು. ನಾನು ಇನ್ನೊಂದನ್ನು ತೆಗೆದುಕೊಂಡೆ.