ಅವ್ವನ ಹೆಸರು ಬರಬೇಕಾಗಿದ್ದ ನಕ್ಷತ್ರ

ಮೊನ್ನೆ ಸ್ಟೇಷನ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಗ್ಯಾರೇಜಿನ ಮುಂದೆ ಮೆಕ್ಯಾನಿಕ್ ಒಬ್ಬ ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಸೀಮೆಎಣ್ಣೆಯ ವಾಸನೆಗೆ ಬೇರೆಯವರಿಗೆ ಹಳೆಯ ಸ್ಟೋವೋ ಕಂದೀಲೋ ನೆನಪಾದೀತು. ನನಗೆ ನೆನಪಾಗುವುದು ಸಮುದ್ರ. ನಗಬೇಡಿ. ವಿಜಯಪುರದಿಂದ ಸಮುದ್ರ ಎಷ್ಟು ದೂರವೆಂದು ನನಗೂ ಗೊತ್ತು. ಆದರೆ ನಮ್ಮ ಬಚ್ಚಲಿನಲ್ಲಿ ಬಹಳ ದಿನ ಒಂದು ಸಮುದ್ರದ ತಳ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

ಅದನ್ನು ತಂದಿಟ್ಟವಳು ನನ್ನ ತಂಗಿ ಸುಜಾತಾ. ಭೂವಿಜ್ಞಾನ ಓದಿ, ಇಲ್ಲಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಗೈಡು ಇದ್ದದ್ದು ದೂರದ ಊರಿನಲ್ಲಿ. ಅವರು ಕಛ್ ಕಡೆಯಿಂದ ತಂದ ಜೇಡಿಮಣ್ಣನ್ನು ಚೀಲಗಳಲ್ಲಿ ತುಂಬಿ, ಒಂದು ಹಳೆಯ ಸೂಕ್ಷ್ಮದರ್ಶಕದ ಜೊತೆ ಕೊಟ್ಟು ಕಳಿಸಿದ್ದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಆ ಮಣ್ಣು ಸಮುದ್ರದ ಕೆಸರಾಗಿತ್ತಂತೆ. ಈಗ ಗಟ್ಟಿಯಾಗಿ ಕಲ್ಲಿನ ಹಾಗಿತ್ತು. ಒಣಗಿದ ಹೆಂಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಎಣ್ಣೆ ಬಸಿದು, ಬಿಸಿನೀರು ಹೊಯ್ದರೆ ಅದು ತಾನಾಗಿ ಕುಸಿದು ಮೆತ್ತಗಾಗುತ್ತಿತ್ತು. ನಮ್ಮ ಮನೆಯ ಅನ್ನಕ್ಕೂ ಅದೇ ವಾಸನೆ, ನಾನು ಆಫೀಸಿಗೆ ತೊಟ್ಟು ಹೋಗುವ ಅಂಗಿಗೂ ಅದೇ ವಾಸನೆ.

ಆ ಕೆಸರಿನಲ್ಲಿ ಅವಳು ಹುಡುಕುತ್ತಿದ್ದದ್ದು ಒಂದು ಜೀವಿಯ ಅವಶೇಷ. ನಕ್ಷತ್ರಮೀನಿನ ದಾಯಾದಿ ಅನ್ನಿ. ನಡುವೆ ಪುಟ್ಟ ಬಿಲ್ಲೆ, ಸುತ್ತಲೂ ಹಾವಿನಂಥ ಐದು ತೆಳುವಾದ ತೋಳು. ಮುಟ್ಟಿದರೆ ಮುರಿಯುವಷ್ಟು ನಾಜೂಕು. ಸತ್ತ ಮೇಲಂತೂ ತೋಳಿನ ಫಲಕಗಳೆಲ್ಲ ಕಳಚಿ ಕೆಸರಿನಲ್ಲಿ ಚೆಲ್ಲಾಪಿಲ್ಲಿ. ಒಂದೊಂದು ಫಲಕವೂ ಗಸಗಸೆ ಕಾಳಿಗಿಂತ ಸಣ್ಣದು. ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿಡಬೇಕು. ಗಾಳಿ ಬಂದರೆ ಮುಗಿಯಿತು. ಹೀಗಾಗಿ ವಿಜಯಪುರದ ಬೇಸಿಗೆಯಲ್ಲಿ ನಮ್ಮ ಮನೆಯ ಫ್ಯಾನಿಗೆ ರಜೆ. ನಾನು ಬೆವರು ಸುರಿಸುತ್ತ, ವಿಜ್ಞಾನಕ್ಕೆ ನನ್ನ ಕೊಡುಗೆ ಇದು ಎಂದು ಹೆಮ್ಮೆಪಡುತ್ತಿದ್ದೆ. ಆಫೀಸಿನಲ್ಲಿ ಈ ಸಂಗತಿ ಹೇಳಿದಾಗ ಪಕ್ಕದ ಟೇಬಲ್ಲಿನವರು ಕೇಳಿದ್ದು ಒಂದೇ ಪ್ರಶ್ನೆ: “ತಿನ್ನಾಕ ಬರ್ತೈತೇನ್ರಿ ಅದು?”

ಒಂದು ದಿನ ಸುಜಾತಾ ನನ್ನನ್ನು ಕರೆದಳು.

“ಅಣ್ಣಾ, ಇಲ್ಲಿ ಬಾ. ಇದರಾಗ ನೋಡು.”

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದೆ. ತೋಳಿನ ಬದಿಯ ಫಲಕ. ಅದರ ಅಂಚಿನಲ್ಲಿ ಮುಳ್ಳು ಕೂರುವ ಸಣ್ಣ ಗುಣಿಗಳು, ಸುತ್ತ ಕಿವಿಯಂತೆ ಬಾಗಿದ ಏಣು. ಬೆನ್ನಿನ ಮೇಲೆ ಸಾಲಾಗಿ ಬೊಬ್ಬೆಗಳು.

“ಚಂದ ಐತಿ,” ಅಂದೆ. ಬೇರೇನು ಹೇಳಲಿ?

“ಚಂದ ಬಿಡು. ಗುಣಿ ಕೆಳಗ ಬರ್ತಾ ಬರ್ತಾ ದೊಡ್ಡು ಆಗ್ಯಾವು, ಈ ಬೊಬ್ಬೆ ಸಾಲು ಯಾವ ಪುಸ್ತಕದಾಗೂ ಇಲ್ಲ. ಇದಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲಣ್ಣಾ.”

ಗೈಡು ಒಪ್ಪಲಿಲ್ಲ. ಅದು ಈಗಾಗಲೇ ಹೆಸರಿರುವ ಹಳೆಯ ಜಾತಿಯದೇ, ತೋಳಿನ ತುದಿಯ ಫಲಕ ಇರಬೇಕು ಅಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಒಂದೇ ಪ್ರಾಣಿಯ ತೋಳಿನ ಬುಡದ ಫಲಕ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ಬೇರೆ ಬೇರೆ ಕಡೆ ಕಂಡವನು ಇಬ್ಬರು ಮನುಷ್ಯರಿದ್ದರು ಅಂದುಕೊಂಡ ಹಾಗಾದೀತು. ಸುಜಾತಾ ಮತ್ತೆ ಬಕೆಟ್ಟಿನ ಮುಂದೆ ಕೂತಳು. ಬುಡದಿಂದ ತುದಿಯವರೆಗಿನ ಫಲಕಗಳನ್ನೆಲ್ಲ ಹೆಕ್ಕಿ ಸಾಲಾಗಿ ಜೋಡಿಸಿದಳು. ಹಳೆಯ ಜಾತಿಯ ಸಾಲನ್ನು ಪಕ್ಕದಲ್ಲಿಟ್ಟಳು. ಎಲ್ಲಿಯೂ ಎರಡೂ ಕೂಡಲಿಲ್ಲ. ಕೊನೆಗೆ ಗೈಡು ಫೋನಿನಲ್ಲಿ, “ನೀವು ಹೇಳಿದ್ದು ಸರಿ,” ಎಂದಾಗ ಅವಳು ಎದ್ದು ಹೋಗಿ ಫ್ಯಾನ್ ಹಚ್ಚಿದಳು. ಅದಕ್ಕಿಂತ ದೊಡ್ಡ ಸಂಭ್ರಮ ನಮ್ಮ ಮನೆಯಲ್ಲಿ ಆಗಿದ್ದು ನನಗೆ ನೆನಪಿಲ್ಲ.

ಹೊಸ ಜಾತಿಗೆ ಹೆಸರು ಬೇಕಲ್ಲ. ಅವಳು ಅವ್ವನ ಹೆಸರನ್ನು ಆರಿಸಿಕೊಂಡಳು. ನಮ್ಮ ಅವ್ವ ಶಾಂತವ್ವ, ನಮ್ಮೂರು ಘೋಣಸಗಿಯಲ್ಲಿ ಕಂಡವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಶೇಂಗಾ ಆರಿಸಿ ನಮ್ಮಿಬ್ಬರನ್ನು ಓದಿಸಿದವಳು. ಸುದ್ದಿ ಹೇಳಲು ಇಬ್ಬರೂ ಊರಿಗೆ ಹೋದೆವು. ಅವ್ವ ಬುದ್ಧನ ಪಟದ ಕೆಳಗೆ ಕೂತು ಕೇಳಿಸಿಕೊಂಡಳು.

“ಏ ಯವ್ವಾ, ರೇಷನ್ ಕಾರ್ಡಿನಾಗ ಸುದ್ದಾ ನನ್ನ ಹೆಸರು ತಪ್ಪ ಬರದಾರ. ಸಮುದ್ರದ ಹುಳಕ್ಕ ಸರಿ ಬರೀತಾರೇನ?”

“ನಾನs ಬರ್ಯಾಕಿ ಇದ್ದೇನಲ್ಲ ಬೇ,” ಅಂದಳು ಸುಜಾತಾ.

ಅವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಬಬಲೇಶ್ವರದ ಸಂತೆಯಲ್ಲಿ ಬಾಳೆಹಣ್ಣು ಕೊಳ್ಳುವಾಗ, ಹಣ್ಣಿನವಳಿಗೂ ವಿಷಯ ತಿಳಿದಿತ್ತು.

ಸುಜಾತಾ ಲೇಖನ ಬರೆದು ಕಳಿಸಿದಳು. ಗೈಡು, ತಿದ್ದುತ್ತಿದ್ದೇನೆ ಅಂದರು. ಆಮೇಲೂ ತಿದ್ದುತ್ತಿದ್ದೇನೆ ಅಂದರು. ಒಂದು ದಿನ ಲೇಖನ ಅಚ್ಚಾಗಿಯೇ ಬಂತು. ಮೇಲೆ ಗೈಡಿನ ಹೆಸರು, ಅವರ ಸ್ನೇಹಿತರೊಬ್ಬರ ಹೆಸರು. ಹೊಸ ಜಾತಿಗೆ ಗೈಡಿನ ಗೈಡಾಗಿದ್ದ, ತೀರಿಹೋದ ಮಹನೀಯರ ಹೆಸರು. ಸುಜಾತಾಳ ಹೆಸರು ಕೊನೆಯ ಪುಟದಲ್ಲಿ, ಕಣಗಳನ್ನು ಆರಿಸಿಕೊಟ್ಟದ್ದಕ್ಕೆ ಕೃತಜ್ಞತೆ ಎಂಬ ಸಾಲಿನಲ್ಲಿ.

ಅವಳು ಫೋನ್ ಮಾಡಿ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. “ನಿಮ್ಮ ಕೈ ತುಂಬ ಚೆನ್ನಾಗಿದೆ ಸುಜಾತಾ. ಬರೆಯುವುದನ್ನು ನಮಗೆ ಬಿಡಿ. ಮೊದಲು ನಿಮ್ಮ ಥೀಸಿಸ್ ಮುಗಿಯಲಿ, ಅದಕ್ಕೆ ನನ್ನ ಸಹಿ ಬೇಕಲ್ಲವೇ?”

ದೂರು ಕೊಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಾನೂ ಹಾರಾಡಿದೆ. ಗುಮಾಸ್ತನ ಹಾರಾಟ, ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಸುಜಾತಾ ಸುಮ್ಮನಿದ್ದು ಪದವಿ ಪಡೆದಳು. ಒಮ್ಮೆ ಅಚ್ಚಾದ ಹೆಸರನ್ನು, ಇಟ್ಟವನು ಬಯಸಿದರೂ ಬದಲಿಸುವಂತಿಲ್ಲವಂತೆ.

ಅವ್ವನಿಗೆ ಸುಳ್ಳು ಹೇಳೋಣವೆಂದು ನಾನಂದೆ. ಸುಜಾತಾ ಕೇಳಲಿಲ್ಲ. ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಆ ಹೆಸರಿನವ್ರು ಹುಳ ನೋಡ್ಯಾರೇನು?” ಅವ್ವ ಕೇಳಿದಳು.

“ಇಲ್ಲ ಬೇ. ತೀರಿ ಹೋಗ್ಯಾರ.”

“ನಿನ್ನ ಬಗ್ಗೆ ಏನು ಬರದಾರ?”

“ಆರಿಸಿ ಕೊಟ್ಟಾಳಂತ.”

ಅವ್ವ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ, “ನಾನೂ ಆರಿಸೇ ಕೊಟ್ಟೆ. ನನಗ ಸಂಜಿಗೆ ಕೂಲಿ ಆದ್ರೂ ಕೊಡ್ತಿದ್ರು,” ಅಂದಳು.

ಗ್ಯಾರೇಜಿನ ಮುಂದೆ ಇದೆಲ್ಲ ನೆನೆಯುತ್ತ ನಿಂತವನನ್ನು ಮೆಕ್ಯಾನಿಕ್, “ಗಾಡಿ ಎಲ್ಲೈತ್ರಿ?” ಎಂದು ಕೇಳಿದ. ಗಾಡಿ ಇರಲಿಲ್ಲ. ಭಾನುವಾರ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಈಗ ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಸುಜಾತಾ ಬಾಡಿಗೆ ಮನೆ ಹಿಡಿದು ಅವ್ವನನ್ನೂ ಕರೆದುಕೊಂಡು ಬಂದಿದ್ದಾಳೆ. ಊಟಕ್ಕೆ ಕೂತಿದ್ದೆವು, ಫೋನ್ ಬಂತು. ಗೈಡು. ಎಂಜಲು ಕೈಯಾದ್ದರಿಂದ ಅವಳು ಸ್ಪೀಕರ್ ಹಾಕಿದಳು.

ಹೊಸ ಜಾಗದ ಮಣ್ಣು ಸಿಕ್ಕಿದೆಯಂತೆ. ಈವರೆಗೆ ಯಾರೂ ತೊಳೆದು ನೋಡಿಲ್ಲವಂತೆ. “ನಿಮ್ಮ ಕೈಯೇ ಬೇಕು, ಚೀಲ ಕಳಿಸಲೇ?” ಅಂದರು.

“ನನಗ ಈಗ ಕಣ್ಣು ಸರಿ ಕಾಣಂಗಿಲ್ರಿ ಸರ್,” ಅಂದಳು ಸುಜಾತಾ. ಫೋನ್ ಇಟ್ಟಳು.

ಅವಳ ಕಣ್ಣಿಗೆ ಏನೂ ಆಗಿಲ್ಲ. ನಾನು ತೊಡೆ ತಟ್ಟಿ ನಕ್ಕೆ. “ಭೇಷ್! ಛಲೋ ಹೇಳಿದಿ ನೋಡು!” ಅವ್ವ ಮಾತ್ರ ನಗದೆ ಮಗಳ ಮುಖವನ್ನೇ ನೋಡುತ್ತಿದ್ದಳು. ಸುಜಾತಾ ತಟ್ಟೆಯಲ್ಲಿ ರೊಟ್ಟಿಯನ್ನು ಮುರಿದಳು, ಬಾಯಿಗೆ ಇಡಲಿಲ್ಲ.

“ಯಾರೂ ನೋಡಿಲ್ಲದ ಮಣ್ಣಂತ ಅಣ್ಣಾ,” ಅಂದಳು. “ಅದರಾಗ ಏನೇನಿತ್ತೋ.”

ಅವರು ಅವಳಿಂದ ಕಿತ್ತುಕೊಂಡದ್ದು ಒಂದು ಹೆಸರನ್ನು ಮಾತ್ರ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.